ಸಿನಾಪ್ಸಿಸ್ ಬರೆಯುವ ಮುನ್ನ ಮೆಸ್ಸಿಗೆ ಹೋಗಿ

ಕೊನೆಯ ವರ್ಷಕ್ಕೆ ಕಾಲಿಟ್ಟ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮನೆಗಳಲ್ಲಿ ಒಂದು ಹೊಸ ಶಬ್ದ ಕೇಳಿಬರತೊಡಗುತ್ತದೆ: ಸಿನಾಪ್ಸಿಸ್. ಬಿ.ಸಿ.ಎ., ಎಂ.ಸಿ.ಎ., ಡಿಪ್ಲೊಮಾ ಓದುವವರ ಮನೆಗಳಲ್ಲೂ ಅಷ್ಟೆ. 'ಸಿನಾಪ್ಸಿಸ್ ಕೊಡೋಕೆ ಇನ್ನು ಹತ್ತೇ ದಿನ, ನಮ್ಮ ಬ್ಯಾಚಿಗೆ ಟೈಟಲ್ಲೇ ಸಿಕ್ಕಿಲ್ಲ' ಎಂದು ಮಗ ಊಟದ ತಟ್ಟೆಯ ಮುಂದೆ ಗೊಣಗುತ್ತಾನೆ. ಇದೇನೋ ಹೊಸ ಕಾಯಿಲೆ ಇರಬೇಕೆಂದು ಅಜ್ಜಿಗೆ ಗಾಬರಿ. ಅಪ್ಪನಿಗೆ ಮಾತ್ರ ಹೊಳೆಯುವುದು ಒಂದೇ ಪ್ರಶ್ನೆ: 'ಎಷ್ಟು ದುಡ್ಡು ಬೇಕಾಗುತ್ತೆ?'

ಅಜ್ಜಿಯ ಗಾಬರಿಗೆ ಸಮಾಧಾನ ಹೇಳುವುದು ಸುಲಭ. ಮೂರು ನಾಲ್ಕು ವಿದ್ಯಾರ್ಥಿಗಳ ಒಂದು ತಂಡ ಸೇರಿ ಒಂದು ತಂತ್ರಾಂಶವನ್ನು, ಅಂದರೆ ಸಾಫ್ಟ್‌ವೇರನ್ನು, ತಯಾರಿಸಬೇಕು. ಅದಕ್ಕೆ ಮೊದಲು ಏನು ಮಾಡುತ್ತೇವೆ, ಯಾರಿಗಾಗಿ, ಯಾವ ಸಲಕರಣೆಗಳಿಂದ, ಎಷ್ಟು ದಿನಗಳಲ್ಲಿ ಎಂಬುದನ್ನು ಎರಡು ಮೂರು ಪುಟಗಳಲ್ಲಿ ಬರೆದು ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ಆ ಎರಡು ಮೂರು ಪುಟಗಳೇ ಸಿನಾಪ್ಸಿಸ್. ಮನೆ ಕಟ್ಟುವ ಮೊದಲು ನಕ್ಷೆಯನ್ನು ಪಂಚಾಯಿತಿಗೋ ನಗರಸಭೆಗೋ ಸಲ್ಲಿಸುವುದಿಲ್ಲವೆ, ಹಾಗೆ.

ಅಪ್ಪನ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಏಕೆಂದರೆ ಆ ಪ್ರಶ್ನೆಯ ಹಿಂದೆ ಒಂದು ದೊಡ್ಡ ಮಾರುಕಟ್ಟೆಯೇ ಇದೆ. ಎಂಜಿನಿಯರಿಂಗ್ ಕಾಲೇಜುಗಳಿರುವ ಊರುಗಳಲ್ಲೆಲ್ಲ ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳಿವೆ. ಶೀರ್ಷಿಕೆ ಅವರೇ ಕೊಡುತ್ತಾರೆ, ಸಿನಾಪ್ಸಿಸ್ ಅವರೇ ಬರೆಯುತ್ತಾರೆ, ಕೋಡು ಸೀಡಿಯಲ್ಲಿ ಬರುತ್ತಿದ್ದ ಕಾಲ ಹೋಗಿ ಈಗ ಪೆನ್ ಡ್ರೈವಿನಲ್ಲೋ ಇ-ಮೇಲಿನಲ್ಲೋ ಬರುತ್ತದೆ. ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರಗಳ ಪಟ್ಟಿಯೂ ಜೊತೆಗೆ. ಸಾವಿರಾರು ರೂಪಾಯಿಗಳನ್ನು ನಾಲ್ವರೂ ಹಂಚಿಕೊಂಡರೆ 'ಅಷ್ಟೇನೂ ಹೊರೆಯಲ್ಲ' ಎಂದು ಎಷ್ಟೋ ತಂದೆತಾಯಿಯರು ಪುಸ್ತಕ ಕೊಂಡಷ್ಟೇ ಸಹಜವಾಗಿ ಹಣ ಕೊಟ್ಟುಬಿಡುತ್ತಾರೆ. ಆದರೆ ಪ್ರಾಜೆಕ್ಟ್ ವರದಿಯ ಮೊದಲ ಪುಟಗಳಲ್ಲೇ ಒಂದು ಘೋಷಣೆಯ ಪುಟ ಇರುತ್ತದೆ. ಈ ಕೆಲಸ ನಮ್ಮದೇ ಎಂದು ತಂಡದ ಎಲ್ಲರೂ ಅದಕ್ಕೆ ಸಹಿ ಹಾಕಬೇಕು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ವೃತ್ತಿಜೀವನದ ಹೊಸ್ತಿಲಲ್ಲಿ, ನಿಮ್ಮ ಮಗ ಅಥವಾ ಮಗಳು ಹಾಕುವ ಮೊದಲ ವೃತ್ತಿಪರ ಸಹಿ ಅದು. ಅದು ಸುಳ್ಳು ಸಹಿಯಾಗಬೇಕೇ ಎಂಬುದನ್ನು ಹಣ ಕೊಡುವವರೂ ಯೋಚಿಸಬೇಕು.

ಮಕ್ಕಳು ಅಂಗಡಿಗೆ ಹೋಗುವುದು ಸೋಮಾರಿತನದಿಂದಲೇ ಎಂದು ನನಗೆ ಅನ್ನಿಸುವುದಿಲ್ಲ. ಬಹುತೇಕ ತಂಡಗಳು ದಾರಿ ತಪ್ಪುವುದು ಮೊದಲ ವಾರದಲ್ಲೇ, ಶೀರ್ಷಿಕೆ ಆರಿಸುವಾಗಲೇ. 'ಕೃತಕ ಬುದ್ಧಿಮತ್ತೆ ಹಾಗೂ ಬ್ಲಾಕ್‌ಚೈನ್ ಆಧಾರಿತ ಸ್ಮಾರ್ಟ್ ಹಾಸ್ಟೆಲ್ ನಿರ್ವಹಣಾ ವ್ಯವಸ್ಥೆ' ಎಂದು ಟೈಟಲ್ ಕೊಟ್ಟುಬಂದರೆ ಮುಂದೇನಾಗುತ್ತದೆ? ಎರಡು ತಿಂಗಳು ಕಳೆದ ಮೇಲೆ, ಇದು ನಮ್ಮ ಕೈಲಾಗದ ಕೆಲಸ ಎಂದು ಗೊತ್ತಾಗುತ್ತದೆ. ಆಗ ಅಂಗಡಿಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹಾಸಿಗೆ ಎಷ್ಟು ಉದ್ದ ಎಂದು ಅಳೆದು ನೋಡುವವರು ಕಡಿಮೆ.

ಅಳೆದೇ ನೋಡೋಣ. ಒಂದು ಸೆಮಿಸ್ಟರು 16 ವಾರ ಎಂದಿಟ್ಟುಕೊಳ್ಳಿ. ಮೂರು ಇಂಟರ್ನಲ್ ಪರೀಕ್ಷೆಗಳು ತಲಾ ಒಂದು ವಾರವನ್ನು ನುಂಗುತ್ತವೆ. ದಸರಾ, ದೀಪಾವಳಿ, ಕಾಲೇಜು ಹಬ್ಬ ಎಲ್ಲ ಸೇರಿ ಇನ್ನೊಂದು ವಾರ. ಉಳಿದದ್ದು 12. ಬೇರೆ ವಿಷಯಗಳ ಪಾಠ, ಕ್ಯಾಂಪಸ್ ಸಂದರ್ಶನದ ತಯಾರಿ ಇವೆಲ್ಲದರ ನಡುವೆ ಒಬ್ಬೊಬ್ಬರು ವಾರಕ್ಕೆ 8 ಗಂಟೆ ಕೊಟ್ಟರೆ ದೊಡ್ಡದು. ನಾಲ್ವರದು ಸೇರಿ 32 ಗಂಟೆ. ಹನ್ನೆರಡು ವಾರಕ್ಕೆ 384 ಗಂಟೆ. ನಿಮ್ಮ ಹಾಸಿಗೆಯ ಉದ್ದ ಇಷ್ಟೇ.

ಈ 384 ಗಂಟೆಯನ್ನೂ ಕೀಲಿಮಣೆಯ ಮುಂದೆ ಕೂತು ಕೋಡು ಬರೆಯುವುದಕ್ಕೇ ಖರ್ಚು ಮಾಡಬಹುದು ಎಂದುಕೊಂಡಿದ್ದರೆ ಫ್ರೆಡ್ ಬ್ರೂಕ್ಸ್ ಹೇಳಿದ ಲೆಕ್ಕ ಕೇಳಿ. ಬ್ರೂಕ್ಸ್ 1960ರ ದಶಕದಲ್ಲಿ ಐ.ಬಿ.ಎಂ. ಕಂಪನಿಯ 'ಸಿಸ್ಟಮ್/360' ಗಣಕಗಳ ಆಪರೇಟಿಂಗ್ ಸಿಸ್ಟಮ್ ತಯಾರಿಕೆಯ ಉಸ್ತುವಾರಿ ಹೊತ್ತಿದ್ದವರು. ನೂರಾರು ಜನ ದುಡಿದರೂ ಆ ಕೆಲಸ ಹೇಳಿದ ಹೊತ್ತಿಗೆ ಮುಗಿಯಲಿಲ್ಲ. ಏಕೆ ಹೀಗಾಯಿತು ಎಂದು ಯೋಚಿಸಿ ಅವರು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ಒಟ್ಟು ಸಮಯದಲ್ಲಿ ಮೂರನೇ ಒಂದು ಪಾಲು ಯೋಜನೆ ಮತ್ತು ವಿನ್ಯಾಸಕ್ಕೆ, ಕೇವಲ ಆರನೇ ಒಂದು ಪಾಲು ಕೋಡು ಬರೆಯಲು, ಉಳಿದ ಅರ್ಧ ಪಾಲು ಪರೀಕ್ಷಿಸಿ ತಪ್ಪು ತಿದ್ದಲು ಎಂಬುದು ಅವರ ಅನುಭವದ ಲೆಕ್ಕ. ನಮ್ಮ ತಂಡಕ್ಕೆ ಇದನ್ನು ಹಚ್ಚಿದರೆ ಯೋಜನೆಗೆ 128 ಗಂಟೆ, ಕೋಡಿಗೆ 64 ಗಂಟೆ, ಪರೀಕ್ಷೆ-ತಿದ್ದುಪಡಿಗೆ 192 ಗಂಟೆ. ಅಂದರೆ ಒಬ್ಬೊಬ್ಬರು ಕೋಡು ಬರೆಯಲು ಸಿಗುವುದು 16 ಗಂಟೆ! ಐ.ಬಿ.ಎಂ.ನ ಲೆಕ್ಕವನ್ನು ಕಾಲೇಜಿಗೆ ಅಕ್ಷರಶಃ ಅನ್ವಯಿಸಬೇಕಿಲ್ಲ. ಆದರೂ ಈ ಹದಿನಾರು ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡ ತಂಡ ಬ್ಲಾಕ್‌ಚೈನ್ ತಂಟೆಗೆ ಹೋಗಲಾರದು.

ಹಾಗಾದರೆ ಆರಿಸಿಕೊಳ್ಳಬೇಕಾದ್ದು ಎಂಥ ಕೆಲಸ? ಬಳಸುವ ವ್ಯಕ್ತಿ ನಡೆದು ಹೋಗುವ ದೂರದಲ್ಲಿ ಸಿಗುವಂಥದ್ದು. ಗ್ರಂಥಾಲಯ, ಪ್ರಯೋಗಾಲಯದ ಸಾಮಾನು ಪಟ್ಟಿ, ಊರಿನ ಹಾಲಿನ ಸೊಸೈಟಿ, ಅಪ್ಪನ ಅಂಗಡಿಯ ಸಾಲದ ಪುಸ್ತಕ, ಯಾವುದೂ ಆದೀತು. ಉದಾಹರಣೆಗೆ ಎಲ್ಲರಿಗೂ ಪರಿಚಯವಿರುವ ಹಾಸ್ಟೆಲ್ ಮೆಸ್ಸನ್ನೇ ತೆಗೆದುಕೊಳ್ಳೋಣ.

ನಮ್ಮ ಅನೇಕ ಹಾಸ್ಟೆಲುಗಳಲ್ಲಿ ನಡೆಯುವುದು ಡಿವೈಡಿಂಗ್ ಸಿಸ್ಟಮ್. ತಿಂಗಳ ಖರ್ಚನ್ನು ಆ ತಿಂಗಳು ಉಂಡವರ ಒಟ್ಟು ದಿನಗಳಿಂದ ಭಾಗಿಸಿ ಒಂದು ದಿನದ ದರ ತೆಗೆಯುತ್ತಾರೆ. 120 ವಿದ್ಯಾರ್ಥಿಗಳು, 30 ದಿನ. ಎಲ್ಲರೂ ಎಲ್ಲ ದಿನ ಉಂಡರೆ 3,600 ಡಯಟ್. ಊರಿಗೆ ಹೋದವರ ರಜೆ 450 ದಿನ ಕಳೆದರೆ 3,150. ಆ ತಿಂಗಳ ಖರ್ಚು ರೂ. 2,83,500 ಆಗಿದ್ದರೆ ದಿನಕ್ಕೆ 90 ರೂಪಾಯಿ. ಆರು ದಿನ ರಜೆ ಹಾಕಿದವನ ಬಿಲ್ಲು 24 ದಿನಕ್ಕೆ ರೂ. 2,160. ಇದರಲ್ಲಿ ಏನು ಮಹಾ, ಹತ್ತು ಸಾಲಿನ ಪ್ರೋಗ್ರಾಮು ಎನ್ನುತ್ತೀರಾ? ಇಷ್ಟೇ ನಂಬಿ ಸಿನಾಪ್ಸಿಸ್ ಬರೆದರೆ ಕೆಟ್ಟಿರಿ. ಒಂದು ನೋಟ್‌ಬುಕ್ ಹಿಡಿದು ಮೆಸ್ ಮ್ಯಾನೇಜರ ಬಳಿ ಅರ್ಧ ದಿನ ಕೂತುಬನ್ನಿ. ಬಡಿಸುವ ಹೊತ್ತಿನಲ್ಲಿ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಧ್ಯಾಹ್ನ ಮೂರರ ನಂತರ ಹೋಗಿ.

'ಸರ್, ಒಬ್ಬರು ಎರಡೇ ದಿನ ಊರಿಗೆ ಹೋದರೆ ಕಟ್ ಕೊಡ್ತೀರಾ?'

'ಇಲ್ಲಪ್ಪ. ಸತತ ಮೂರು ದಿನ ಇರಬೇಕು. ಮುಂಚೆ ಬರೆದುಕೊಟ್ಟಿರಬೇಕು.'

'ಜೂನ್ 29ಕ್ಕೆ ಹೋಗಿ ಜುಲೈ 2ರವರೆಗೆ ಬರದಿದ್ದರೆ?'

'ನಾಲ್ಕು ದಿನ ಆಯ್ತಲ್ಲ, ಕೊಡ್ತೀವಿ. ಆ ತಿಂಗಳಲ್ಲಿ ಎರಡು, ಈ ತಿಂಗಳಲ್ಲಿ ಎರಡು.'

ಇದು ನಾನು ಕಲ್ಪಿಸಿಕೊಂಡ ಸಂಭಾಷಣೆ. ಆದರೆ ಇಂಥ ಒಂದು ಪ್ರಶ್ನೆಯ ಬೆಲೆ ನೋಡಿ. ತಿಂಗಳು ತಿಂಗಳು ಲೆಕ್ಕ ಹಾಕುವ ಪ್ರೋಗ್ರಾಮು ಜೂನ್‌ನಲ್ಲಿ ಎರಡೇ ದಿನ, ಜುಲೈನಲ್ಲಿ ಎರಡೇ ದಿನ ಕಂಡು ಎರಡೂ ಕಡೆ ಕಟ್ ನಿರಾಕರಿಸುತ್ತದೆ. ಬಡ ಹುಡುಗನೊಬ್ಬನಿಗೆ ನಾಲ್ಕು ದಿನದ ಹಣ ಹೋಯಿತು. ಮ್ಯಾನೇಜರ ತಲೆಯಲ್ಲಿ ಇರುವ ಈ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಇಂಥವು ಇನ್ನೂ ಎಷ್ಟೋ ಇರುತ್ತವೆ. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದವನ ಆ ದಿನ ಹಾಜರಿಯೋ ರಜೆಯೋ? ಅತಿಥಿಗಳ ಕೂಪನ್ ಹಣವನ್ನು ಖರ್ಚಿನಿಂದ ಕಳೆಯುತ್ತಾರೋ ಇಲ್ಲವೋ? ತಿಂಗಳ ಕೊನೆಗೆ ಉಗ್ರಾಣದಲ್ಲಿ ಉಳಿದ ಅಕ್ಕಿ, ಬೇಳೆ ಯಾವ ತಿಂಗಳ ಲೆಕ್ಕಕ್ಕೆ? ದರ 91 ರೂಪಾಯಿ 37 ಪೈಸೆ ಬಂದರೆ ಮೇಲಕ್ಕೆ ಸೇರಿಸುತ್ತಾರೋ ಕೆಳಕ್ಕೆ ಇಳಿಸುತ್ತಾರೋ?

ಈಗ ಕೇಳಿದ್ದಕ್ಕೆಲ್ಲ ಕೋಡು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಬಂದಿವೆ. ಸಿನಾಪ್ಸಿಸ್ಸನ್ನೂ ಅವು ಒಂದು ನಿಮಿಷದಲ್ಲಿ ಬರೆದುಕೊಡುತ್ತವೆ, ನೋಡಲು ಚೆನ್ನಾಗಿಯೂ ಇರುತ್ತದೆ. ಬಳಸಬೇಡಿ ಎಂದು ಹೇಳುವ ಕಾಲ ಮೀರಿಹೋಯಿತು. ಕಾಲೇಜಿನ ನಿಯಮ ಏನಿದೆಯೋ ಅದರಂತೆ ನಡೆಯಿರಿ. ಆದರೆ ಜೂನ್ 29ರ ವಿಚಾರ ಅವಕ್ಕೆ ಗೊತ್ತಿಲ್ಲ. ನಿಮ್ಮ ಮೆಸ್ಸಿನ ಮ್ಯಾನೇಜರನ್ನು ಅವು ನೋಡಿಲ್ಲ. ಕೋಡು ಬರೆಯುವುದು ಸುಲಭವಾದಷ್ಟೂ ಏನನ್ನು ಬರೆಯಬೇಕೆಂದು ತಿಳಿದು ಬರುವ ಕೆಲಸದ ತೂಕ ಹೆಚ್ಚುತ್ತದೆ.

ಮ್ಯಾನೇಜರು ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ನಿಮ್ಮ ಸಾಫ್ಟ್‌ವೇರೂ ಕನ್ನಡದಲ್ಲಿರಬೇಕು. ಇದು ಅಭಿಮಾನದ ಪ್ರಶ್ನೆಯಲ್ಲ, ಅನುಕೂಲದ ಪ್ರಶ್ನೆ. ಯೂನಿಕೋಡ್ ಬಂದ ಮೇಲೆ ಇದು ಕಷ್ಟವೂ ಅಲ್ಲ. ಆದರೆ ಮೊದಲೇ ತಿಳಿದಿರಬೇಕಾದ ಕೆಲವು ಸೂಕ್ಷ್ಮಗಳಿವೆ. ನಮ್ಮ ಕಣ್ಣಿಗೆ 'ಸ್ತ್ರೀ' ಎಂಬುದು ಒಂದೇ ಅಕ್ಷರ. ಗಣಕಕ್ಕೆ ಅದು ಸ, ಹಲಂತ, ತ, ಮತ್ತೆ ಹಲಂತ, ರ, ದೀರ್ಘ ಈಕಾರ ಹೀಗೆ ಆರು ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ತಲಾ ಮೂರು ಬೈಟಿನಂತೆ ಹದಿನೆಂಟು ಬೈಟು. ಹೆಸರಿಗೆ ಇಪ್ಪತ್ತು ಬೈಟು ಸಾಕೆಂದು ಜಾಗ ಮೀಸಲಿಟ್ಟರೆ ಅರ್ಧ ಹಾಸ್ಟೆಲಿನ ಹೆಸರುಗಳು ಬಾಲ ಕತ್ತರಿಸಿಕೊಂಡು ಕೂರುತ್ತವೆ. ಹಳೆಯ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದರೆ ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಇದಕ್ಕೂ ಯೋಜನೆಯಲ್ಲಿ ಎರಡು ದಿನ ಇಡಿ. ಹಾಗೆಯೇ ಅವರ ಕೋಣೆಯಲ್ಲಿರುವ ಕಂಪ್ಯೂಟರು ಎಷ್ಟು ಹಳೆಯದು, ಪ್ರಿಂಟರು ಇದೆಯೆ, ಕರೆಂಟು ಹೋದರೆ ಗತಿಯೇನು ಎಂಬುದನ್ನೂ ನೋಡಿ ಬನ್ನಿ.

ಈಗ ಬರೆಯಲು ಕೂರಬಹುದು. ಟೈಟಲ್ ಸರಳವಾಗಿರಲಿ: 'ಹಾಸ್ಟೆಲ್ ಮೆಸ್ಸಿನ ರಜೆ ಮತ್ತು ತಿಂಗಳ ಬಿಲ್ಲಿನ ಲೆಕ್ಕ'. ಉದ್ದೇಶ ಎಂಬ ಶೀರ್ಷಿಕೆಯಡಿ 'ಬಳಕೆದಾರ ಸ್ನೇಹಿ, ಸಮರ್ಥ ಹಾಗೂ ಸುಭದ್ರ ವ್ಯವಸ್ಥೆಯನ್ನು ರೂಪಿಸುವುದು' ಎಂದು ಬರೆಯುವ ಚಟವಿದೆ. ಇದನ್ನು ಸಾಧಿಸಿದಿರೋ ಇಲ್ಲವೋ ಎಂದು ಯಾರೂ ಅಳೆಯಲಾರರು. ಅದಕ್ಕೇ ಅದು ಎಲ್ಲರಿಗೂ ಪ್ರಿಯ. ಬದಲಿಗೆ ಹೀಗೆ ಬರೆಯಿರಿ: ಕಳೆದ ಮೂರು ತಿಂಗಳ ರಿಜಿಸ್ಟರಿನ ವಿವರಗಳನ್ನು ಈ ಸಾಫ್ಟ್‌ವೇರಿಗೆ ಕೊಟ್ಟರೆ 120 ಜನರ ಬಿಲ್ಲೂ ಹಳೆಯ ಲೆಕ್ಕದೊಡನೆ ರೂಪಾಯಿಗೆ ರೂಪಾಯಿ ತಾಳೆಯಾಗಬೇಕು. ತರಬೇತಿ ಪಡೆದ ಮ್ಯಾನೇಜರು ನಮ್ಮ ಸಹಾಯವಿಲ್ಲದೆ ಒಂದು ತಿಂಗಳ ಬಿಲ್ಲು ತಯಾರಿಸಿ ಪ್ರಿಂಟು ತೆಗೆಯಬೇಕು. ಈ ಎರಡು ವಾಕ್ಯ ಬರೆದರೆ ನಿಮ್ಮ ಪರೀಕ್ಷಾ ಯೋಜನೆಯೂ ಅರ್ಧ ಮುಗಿದಂತೆಯೇ.

ತಾಳೆಯಾಗದಿದ್ದರೆ? ಹತ್ತರಲ್ಲಿ ಒಂಬತ್ತು ಸಲ ತಪ್ಪು ನಿಮ್ಮದೇ ಇರುತ್ತದೆ. ಉಳಿದ ಒಂದು ಸಲ ಹಳೆಯ ಲೆಕ್ಕದಲ್ಲೇ ಕೂಡುವ ತಪ್ಪು ಸಿಕ್ಕೀತು. ಆಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಡಂಗುರ ಹೊಡೆಯಬೇಡಿ. ನಿಮ್ಮನ್ನು ನಂಬಿ ರಿಜಿಸ್ಟರು ಕೊಟ್ಟವರ ಮಾನದ ಪ್ರಶ್ನೆ ಅದು. ಮೊದಲು ಅವರಿಗೇ ತೋರಿಸಿ, ಜೊತೆಗೆ ಗೈಡ್ ಗಮನಕ್ಕೆ ತನ್ನಿ, ವಾರ್ಡನ್ನರಿಗೆ ಹೇಗೆ ತಿಳಿಸಬೇಕೆಂದು ಅವರು ಹೇಳುತ್ತಾರೆ. ಅಂದಹಾಗೆ, ರಿಜಿಸ್ಟರು ಪಡೆಯಲು ವಾರ್ಡನ್ನರಿಂದ ಲಿಖಿತ ಅನುಮತಿ ಮೊದಲೇ ಬೇಕು. ವಿದ್ಯಾರ್ಥಿಗಳ ಫೋನ್ ನಂಬರು, ಮನೆ ವಿಳಾಸಗಳು ನಿಮ್ಮ ಲೆಕ್ಕಕ್ಕೆ ಬೇಕಿಲ್ಲ. ಅವನ್ನು ನಕಲು ಮಾಡಿಕೊಳ್ಳಲೇಬೇಡಿ.

ಸಿನಾಪ್ಸಿಸ್ಸಿನಲ್ಲಿ ಬಹಳ ಜನ ಬರೆಯದೇ ಬಿಡುವ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಒಂದಿದೆ. 'ಇದರಲ್ಲಿ ಏನೇನು ಇಲ್ಲ' ಎಂಬ ಪಟ್ಟಿ. ಆನ್‌ಲೈನ್ ಪಾವತಿ ಇಲ್ಲ. ಮುಖ ಗುರುತಿಸುವ ಹಾಜರಿ ಇಲ್ಲ. ಮೊಬೈಲ್ ಆ್ಯಪ್ ಇಲ್ಲ. ಉಗ್ರಾಣದ ದಿನದಿನದ ದಾಸ್ತಾನು ಇಲ್ಲ, ತಿಂಗಳ ಕೊನೆಯ ಮೊತ್ತ ಮಾತ್ರ. ಇದನ್ನು ಬರೆದು ಸಹಿ ಮಾಡಿಸಿಕೊಳ್ಳದಿದ್ದರೆ ಎರಡನೇ ರಿವ್ಯೂನಲ್ಲಿ ಒಬ್ಬರು 'ಪಾವತಿ ಸೇರಿಸಿ' ಎನ್ನುತ್ತಾರೆ, ಮೂರನೆಯದರಲ್ಲಿ ಇನ್ನೊಬ್ಬರು 'ಆ್ಯಪ್ ಮಾಡಿ' ಎನ್ನುತ್ತಾರೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯಾಗುತ್ತದೆ.

'ಇಷ್ಟೇನಾ? ಇದರಲ್ಲಿ ಹೊಸತೇನಿದೆ?' ಎಂದು ಗೈಡ್ ಕೇಳುವುದು ಖಂಡಿತ. ಕೇಳುವುದು ತಪ್ಪೂ ಅಲ್ಲ. ಬರೀ ಗುಮಾಸ್ತಿಕೆಯ ಸಾಫ್ಟ್‌ವೇರುಗಳನ್ನು ನೋಡಿ ನೋಡಿ ಅವರಿಗೂ ಸಾಕಾಗಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಮಾಡಲೇಬೇಕಾದದ್ದು ಮತ್ತು ಸಮಯ ಉಳಿದರೆ ಮಾಡುವುದು ಎಂದು ಎರಡು ಭಾಗ ಮಾಡಿ, ಎರಡನೆಯದರಲ್ಲಿ ಒಂದೇ ಒಂದು ಹೊಸ ವಿಚಾರ ಇಡುವುದು. ಉದಾಹರಣೆಗೆ, ಬರೆದುಕೊಟ್ಟ ರಜೆ ಮತ್ತು ಹಿಂದಿನ ವಾರಗಳ ಹಾಜರಿ ನೋಡಿ ನಾಳೆ ತಿಂಡಿಗೆ ಎಷ್ಟು ಜನ ಬರಬಹುದೆಂದು ಅಂದಾಜು ಮಾಡುವುದು. ಶನಿವಾರ ಎಷ್ಟು ಇಡ್ಲಿ ಬೇಯಿಸಬೇಕೆಂದು ಭಟ್ಟರಿಗೆ ಹಿಂದಿನ ದಿನವೇ ತಿಳಿದರೆ ಎಷ್ಟೋ ಅನ್ನ ತಿಪ್ಪೆ ಸೇರುವುದು ತಪ್ಪುತ್ತದೆ. ಕೈಯಲ್ಲಿರುವುದು ಮೂರೇ ತಿಂಗಳ ದತ್ತಾಂಶವಾದರೆ ಸರಾಸರಿಯೇ ಸಾಕು, ನರಮಂಡಲದ ಮಾದರಿಗಳು ಬೇಕಿಲ್ಲ. ಸರಾಸರಿಗಿಂತ ಉತ್ತಮವಾಗಿ ಊಹಿಸಬಲ್ಲ ವಿಧಾನ ಸಿಕ್ಕಿದರೆ ಆಗ ಅದು ನಿಜವಾಗಿ ಹೊಸತು.

ಇನ್ನು ತಂಡದ ಮಾತು. ನಾಲ್ವರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು ಆರು. ಐವರಾದರೆ ಹತ್ತು, ಹತ್ತು ಜನರಾದರೆ ನಲವತ್ತೈದು. ತಡವಾದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಬ್ರೂಕ್ಸ್ ಹೇಳಿದ್ದಕ್ಕೆ ಇದೂ ಒಂದು ಕಾರಣ. ನಾಲ್ವರ ತಂಡದಲ್ಲೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದುಂಟು. ಸಾಮಾನ್ಯವಾಗಿ ನಡೆಯುವ ಹಂಚಿಕೆ ಹೇಗಿರುತ್ತದೆಂದರೆ, ಒಬ್ಬ ಕೋಡು ಬರೆಯುತ್ತಾನೆ, ಒಬ್ಬಳು ರಿಪೋರ್ಟು ಬರೆಯುತ್ತಾಳೆ, ಮೂರನೆಯವನು ಪ್ರದರ್ಶನದ ಸ್ಲೈಡುಗಳನ್ನು ಮಾಡುತ್ತಾನೆ, ನಾಲ್ಕನೆಯವನು ಬೈಂಡಿಂಗ್ ಮಾಡಿಸಿ ತರುತ್ತಾನೆ. ತಂಡದಲ್ಲಿ ಹುಡುಗಿಯಿದ್ದರೆ ರಿಪೋರ್ಟಿನ ಕೆಲಸ ಅವಳ ಪಾಲಿಗೆ ಬರುವುದು ನೋಡಿ ನೋಡಿ ನನಗೆ ಬೇಸರ ಬಂದಿದೆ. ಕ್ಯಾಂಪಸ್ ಸಂದರ್ಶನದಲ್ಲಿ 'ನಿಮ್ಮ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲೇನು?' ಎಂದು ಕೇಳಿದಾಗ ಮೂವರು ತಬ್ಬಿಬ್ಬಾಗುತ್ತಾರೆ. ಕೋಡು ಬರೆದವನಿಗೆ ಜ್ವರ ಬಂದರೆ ನಾಲ್ವರ ಕೆಲಸವೂ ನಿಲ್ಲುತ್ತದೆ.

ಕೆಲಸವನ್ನು ಅಡ್ಡಡ್ಡ ಕತ್ತರಿಸುವ ಬದಲು ಉದ್ದುದ್ದ ಸೀಳಿ. ರಜೆಯ ದಾಖಲೆ ಒಬ್ಬರದು, ಖರ್ಚಿನ ದಾಖಲೆ ಇನ್ನೊಬ್ಬರದು, ಬಿಲ್ಲಿನ ಲೆಕ್ಕ ಮೂರನೆಯವರದು, ವಿದ್ಯಾರ್ಥಿಗಳ ಪಟ್ಟಿ, ಮುದ್ರಣ ಮತ್ತು ಪೆನ್ ಡ್ರೈವಿಗೆ ಪ್ರತಿ ತೆಗೆಯುವ ವ್ಯವಸ್ಥೆ ನಾಲ್ಕನೆಯವರದು. ತಮ್ಮ ಭಾಗದ ಪರದೆ, ದತ್ತಾಂಶದ ಕೋಷ್ಟಕ, ಕೋಡು, ವರದಿಯ ಅಧ್ಯಾಯ ಎಲ್ಲವೂ ಅವರವರದೇ. ಒಬ್ಬರ ಭಾಗವನ್ನು ಇನ್ನೊಬ್ಬರು ಪರೀಕ್ಷಿಸಬೇಕು. ತನ್ನ ತಪ್ಪು ತನಗೆ ಕಾಣದು. ಯಾರು ಯಾವಾಗ ಯಾವ ಸಾಲು ಬರೆದರು ಎಂಬುದನ್ನು ಗಿಟ್ ಎಂಬ ಉಚಿತ ಸಾಧನ ದಾಖಲಿಸಿಡುತ್ತದೆ. ಲಿನಕ್ಸ್ ಖ್ಯಾತಿಯ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ರಚಿಸಿದರು. ಮೊದಲ ದಿನದಿಂದಲೇ ಬಳಸಿದರೆ ಕೊನೆಗೆ 'ನಾನೇ ಎಲ್ಲ ಮಾಡಿದ್ದು' ಎಂಬ ಜಗಳಕ್ಕೆ ಆಸ್ಪದವಿರುವುದಿಲ್ಲ.

ಉದ್ದುದ್ದ ಸೀಳಿದ ಭಾಗಗಳು ಕೊನೆಗೆ ಒಂದಕ್ಕೊಂದು ಹೊಂದಬೇಕು. 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ ಮಂಗಳನನ್ನು ಸುತ್ತಬೇಕಾದ ದಿನವೇ ನಾಶವಾಯಿತು. ಒಂದು ತಂಡದ ಸಾಫ್ಟ್‌ವೇರು ತಳ್ಳುಬಲದ ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಡುತ್ತಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದೇ ತಿಳಿದು ಬಳಸುತ್ತಿತ್ತು. ಒಂದಕ್ಕೊಂದು ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಎರಡೂ ತಂಡಗಳಲ್ಲಿ ದಡ್ಡರಿರಲಿಲ್ಲ. ನಮ್ಮ ಮೆಸ್ಸಿನಲ್ಲೂ ಇದೇ ಆಗಬಹುದು. ರಜೆಯ ಭಾಗ ಬರೆದವಳು ತಿಂಡಿ ತಿಂದು ಹೊರಟ ದಿನವನ್ನು ರಜೆ ಎಂದೂ, ಬಿಲ್ಲಿನ ಭಾಗ ಬರೆದವನು ಹಾಜರಿ ಎಂದೂ ಭಾವಿಸಿದರೆ ಇಬ್ಬರ ಕೋಡೂ ಸರಿ, ಬಿಲ್ಲು ಮಾತ್ರ ತಪ್ಪು. ಆದ್ದರಿಂದ ದಿನ, ರಜೆ, ಡಯಟ್, ಖರ್ಚು ಎಂಬ ಪ್ರತಿ ಮಾತಿಗೂ ಒಂದೇ ಸಾಲಿನ ಅರ್ಥ ಬರೆದು ನಾಲ್ವರೂ ಒಪ್ಪಿಕೊಳ್ಳಿ. ಸಿನಾಪ್ಸಿಸ್ಸಿಗೆ ಅದನ್ನು ಅನುಬಂಧವಾಗಿ ಸೇರಿಸಿದರೆ ಇನ್ನೂ ಒಳ್ಳೆಯದು.

ವೇಳಾಪಟ್ಟಿಯ ಪುಟದಲ್ಲಿ ಹೆಚ್ಚಿನ ತಂಡಗಳು ಜಲಪಾತದ ಚಿತ್ರ ಬರೆಯುತ್ತವೆ: ಮೊದಲು ಅಗತ್ಯಗಳ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡು, ಆಮೇಲೆ ಪರೀಕ್ಷೆ, ಮೆಟ್ಟಿಲಿಳಿದಂತೆ. ಅಂಥ ಮೆಟ್ಟಿಲುಗಳ ಚಿತ್ರವನ್ನು 1970ರ ತಮ್ಮ ಪ್ರಬಂಧದಲ್ಲಿ ಬರೆದ ವಿನ್‌ಸ್ಟನ್ ರಾಯ್ಸ್ ಅದೇ ಪ್ರಬಂಧದಲ್ಲಿ, ಹೀಗೆ ಒಂದೇ ಏಟಿಗೆ ಮಾಡಹೋದರೆ ಅಪಾಯವೆಂದೂ ಎಚ್ಚರಿಸಿದ್ದರು. ಚಿತ್ರ ಮಾತ್ರ ಜಗತ್ತೆಲ್ಲ ಹರಡಿತು, ಎಚ್ಚರಿಕೆ ಅಲ್ಲೇ ಉಳಿಯಿತು! ನೀವು ಆರನೇ ವಾರದ ಹೊತ್ತಿಗೆ ಹತ್ತೇ ವಿದ್ಯಾರ್ಥಿಗಳ, ಒಂದೇ ತಿಂಗಳ ಬಿಲ್ಲನ್ನು ಹೇಗೋ ಮುದ್ರಿಸುವ ಒರಟು ಮಾದರಿಯೊಂದನ್ನು ಮ್ಯಾನೇಜರಿಗೆ ತೋರಿಸುವಂತೆ ಯೋಜಿಸಿ. ಅದನ್ನು ನೋಡಿದ ಕೂಡಲೇ ಅವರಿಗೆ ಹೇಳಲು ಮರೆತ ಮೂರು ನಿಯಮಗಳು ನೆನಪಾಗುತ್ತವೆ. ಹದಿನೈದನೇ ವಾರದಲ್ಲಿ ನೆನಪಾಗುವುದಕ್ಕಿಂತ ಇದು ವಾಸಿ.

ಖರ್ಚಿನ ಪಟ್ಟಿ ಚಿಕ್ಕದು. ಪೈಥಾನ್ ಭಾಷೆ, ಎಸ್‌ಕ್ಯೂಲೈಟ್‌ನಂಥ ದತ್ತಾಂಶ ಸಾಧನ, ಗಿಟ್ ಎಲ್ಲವೂ ಉಚಿತ. ಮೆಸ್ಸಿನ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಮುದ್ರಣ, ಬೈಂಡಿಂಗ್, ಓಡಾಟದ ಬಸ್ ಚಾರ್ಜು, ಇಷ್ಟೇ. ಹೆಚ್ಚಿನ ಖರ್ಚಿರುವ ಪ್ರಾಜೆಕ್ಟಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವಿದೆ. ಕಾಲೇಜಿನ ಮೂಲಕ ಪ್ರಸ್ತಾವನೆ ಕಳಿಸಬೇಕು. ಆಯ್ಕೆಯಾದರೆ ಧನಸಹಾಯ ಸಿಗುತ್ತದೆ. ಅಲ್ಲಿಯೂ ಪರಿಶೀಲಕರು ನೋಡುವುದು ಹಿನ್ನೆಲೆ, ಉದ್ದೇಶ, ವಿಧಾನ, ನಿರೀಕ್ಷಿತ ಫಲಿತಾಂಶಗಳನ್ನೇ. ಕೊನೆಯ ದಿನಾಂಕವನ್ನು ವಿಭಾಗದ ಸೂಚನಾ ಫಲಕದಲ್ಲಿ ನೋಡಿಕೊಳ್ಳಿ.

ಈಗ ಅಪ್ಪ ಅಮ್ಮಂದಿರಿಗೆ ಎರಡು ಮಾತು. ನಿಮಗೆ ಕಂಪ್ಯೂಟರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. 'ಇದನ್ನು ಯಾರು ಬಳಸುತ್ತಾರೆ? ಅವರ ಹತ್ತಿರ ಹೋಗಿ ಮಾತಾಡಿದಿರಾ? ನಿನ್ನ ಪಾಲಿನ ಕೆಲಸ ಯಾವುದು?' ಈ ಮೂರು ಪ್ರಶ್ನೆ ಕೇಳಿ. ನಿಮಗೆ ಅರ್ಥವಾಗುವಂತೆ ಮಗಳು ಐದು ನಿಮಿಷದಲ್ಲಿ ವಿವರಿಸಿದರೆ ಪರೀಕ್ಷಕರ ಮುಂದೆಯೂ ವಿವರಿಸುತ್ತಾಳೆ. ಲ್ಯಾಬಿನಲ್ಲಿ ಸಂಜೆ ಏಳರವರೆಗೆ ಕೆಲಸವಿದೆ ಎಂದಾಗ ಮಗನಿಗೆ ಹೂಂ ಎಂದವರು ಮಗಳಿಗೆ ಬೇಡ ಎನ್ನುವ ಬದಲು, ಮನೆಗೆ ಬರುವ ವ್ಯವಸ್ಥೆ ಏನು ಮಾಡಬಹುದೆಂದು ನೋಡಿ. ರಿಪೋರ್ಟಿನ ಕೆಲಸ ಅವಳ ಪಾಲಿಗೆ ಉಳಿಯುವುದಕ್ಕೆ ಆ ಬೇಡವೂ ಒಂದು ಕಾರಣ. ದುಡ್ಡು ಕೇಳಿದರೆ ಯಾವುದಕ್ಕೆಂದು ಪಟ್ಟಿ ಕೇಳಿ. ಮುದ್ರಣ, ಬೈಂಡಿಂಗ್ ದಾಟಿ ಮೊತ್ತ ಮೇಲೇರಿದರೆ ಗೈಡ್ ಜೊತೆ ಒಮ್ಮೆ ಮಾತಾಡುವುದರಲ್ಲಿ ತಪ್ಪಿಲ್ಲ.

ಸಿನಾಪ್ಸಿಸ್ಸಿಗೆ ಮುಖ್ಯಸ್ಥರ ಸಹಿಯಾದ ಮೇಲೆ ಮೂರು ಜೆರಾಕ್ಸ್ ತೆಗೆಸಿ. ಒಂದು ಗೈಡ್‌ಗೆ, ಒಂದು ನಿಮಗೆ. ಮೂರನೆಯದನ್ನು ಮೆಸ್ ಮ್ಯಾನೇಜರಿಗೆ ಕೊಟ್ಟು, ನಿಯಮಗಳ ಪುಟವನ್ನು ಅವರ ಎದುರೇ ಓದಿ ಹೇಳಿ. ನೀವು ಬರೆದುಕೊಂಡದ್ದರಲ್ಲಿ ಒಂದಾದರೂ ತಪ್ಪನ್ನು ಅವರು ತೋರಿಸಿದರೆ ಅವರ ಕೈಯಿಂದಲೇ ಅಂಚಿನಲ್ಲಿ ತಿದ್ದಿಸಿಕೊಂಡು, ಕಳೆದ ಮೂರು ತಿಂಗಳ ರಿಜಿಸ್ಟರುಗಳು ಆಡಿಟ್‌ಗೆ ಹೋಗುವುದು ಯಾವ ವಾರವೆಂದು ಮರೆಯದೆ ಕೇಳಿಕೊಂಡು ಬನ್ನಿ.